ಹತ್ತನೆಯ ದಿನದ ರಕ್ತ

"ಕುತ್ತಿಗೆಗೆ ತೂತು ಮಾಡಿ ಟ್ಯೂಬ್ ಹಾಕಿದ ಮೇಲೆ ಸ್ವಲ್ಪ ರಕ್ತ ಬರೋದು ಸಹಜ, ಗಾಬರಿ ಆಗಬೇಡಿ." ಐಸಿಯು ಹೊರಗಿನ ಬೆಂಚಿನಲ್ಲಿ ಕೂತ ಮನೆಯವರಿಗೆ ಈ ಮಾತು ಹೇಳದ ವೈದ್ಯರು ವಿರಳ. ಮೊದಲ ದಿನ ಅದು ನಿಜ. ಎರಡನೆಯ ದಿನವೂ ಬಹುಮಟ್ಟಿಗೆ ನಿಜ. ಹತ್ತನೆಯ ದಿನ ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳಿ ಮುಂದಿನ ಹಾಸಿಗೆಗೆ ಹೋದರೆ ರೋಗಿಯ ಜೀವಕ್ಕೇ ಕುತ್ತು ಬರಬಹುದು. ಹೀಗೆ ತೂತು ಮಾಡಿ ಟ್ಯೂಬ್ ಹಾಕುವ ಟ್ರೆಕಿಯಾಸ್ಟಮಿ ನಂತರದ ರಕ್ತಸ್ರಾವದ ಬಗ್ಗೆ ವೈದ್ಯರು ಒಂದೂವರೆ ಶತಮಾನದಿಂದ ಬರೆಯುತ್ತಲೇ ಇದ್ದಾರೆ. ಅದರಲ್ಲಿ ಬಹುಪಾಲು ರಕ್ತ ಚಿಮ್ಮಿದ ಮೇಲಿನ ಸಾಹಸದ ಕಥನ. ಚಿಮ್ಮುವ ಮೊದಲು ಕೈಗೆ ಸಿಗುವ ಕೆಲವು ಗಂಟೆಗಳ ಬಗ್ಗೆ ಬರೆದದ್ದು ಕಡಿಮೆ. ಉಳಿಯಬಹುದಾದವರು ಉಳಿಯುವುದು ಬಹುತೇಕ ಆ ಗಂಟೆಗಳಲ್ಲೇ ಎಂಬುದು ಇದನ್ನೆಲ್ಲ ಓದಿದ ಮೇಲೆ ನನಗಾದ ತೀರ್ಮಾನ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಶಸ್ತ್ರಚಿಕಿತ್ಸೆ ಹೆಚ್ಚಾಗಿ ನಡೆಯುತ್ತಿದ್ದದ್ದು ಡಿಫ್ತೀರಿಯಾದಿಂದ ಗಂಟಲು ಕಟ್ಟಿದ ಮಕ್ಕಳಿಗೆ. ಟ್ಯೂಬಿನ ಒತ್ತಡಕ್ಕೆ ಶ್ವಾಸನಾಳ ಸವೆದು, ಅದರ ಮುಂದಿರುವ ದೊಡ್ಡ ರಕ್ತನಾಳ ಒಡೆದು ಮಗುವೊಂದು ಸತ್ತದ್ದನ್ನು ಜರ್ಮನಿಯ ಕೋರ್ಟೆ 1879ರಲ್ಲಿ ದಾಖಲಿಸಿದರು. ಅಮೆರಿಕದ ಶೆವಲಿಯರ್ ಜಾಕ್ಸನ್ 1909ರಲ್ಲಿ ಶಸ್ತ್ರಕ್ರಿಯೆಗೆ ಒಂದು ಕ್ರಮ ಹಾಕಿಕೊಟ್ಟರು. 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗಿನಲ್ಲಿ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ರೋಗಿಗಳಿಗೆ ಟ್ರೆಕಿಯಾಸ್ಟಮಿ ಮಾಡಿ, ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಕೈಯಿಂದಲೇ ಚೀಲ ಅದುಮಿ ಉಸಿರು ಕೊಟ್ಟರು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿ. 1985ರಲ್ಲಿ ಚಾಲಿಯಾ ಸೂಜಿ ಚುಚ್ಚಿ, ತಂತಿ ಹಾಯಿಸಿ, ರಂಧ್ರವನ್ನು ಹಿಗ್ಗಿಸುವ ವಿಧಾನ ತಂದ ಮೇಲೆ ರೋಗಿಯನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ (ಓ.ಟಿ.) ಒಯ್ಯುವ ಅಗತ್ಯವೂ ಕಡಿಮೆಯಾಯಿತು. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ಕೀಟನಾಶಕ ಕುಡಿದವರು, ಕಟ್ಟುಹಾವು ಕಚ್ಚಿದವರು, ಗಿಲಾನ್‌ಬಾರೆ ಬಂದು ಕೈಕಾಲು ಸೋತವರು, ಪಾರ್ಶ್ವವಾಯುವಿನವರು: ನಮ್ಮ ಊರುಗಳ ಐಸಿಯುಗಳಲ್ಲಿ ವಾರಗಟ್ಟಲೆ ವೆಂಟಿಲೇಟರ್ ಮೇಲೆ ಉಳಿಯುವವರು ಇವರು. ಟ್ರೆಕಿಯಾಸ್ಟಮಿ ಆಗುವುದೂ ಹೆಚ್ಚಾಗಿ ಇವರಿಗೇ.

ಮೊದಲ ಎರಡು ದಿನಗಳ ರಕ್ತಸ್ರಾವದ ಬಗ್ಗೆ ದೊಡ್ಡ ವಿವಾದವೇನಿಲ್ಲ. ಅದು ಗಾಯದ ರಕ್ತ. ಕುತ್ತಿಗೆಯ ಮುಂಭಾಗದ ಅಭಿಧಮನಿಗಳಿಂದಲೋ ಥೈರಾಯ್ಡ್ ಗ್ರಂಥಿಯ ನಡುಪಟ್ಟಿಯಿಂದಲೋ ಒಸರುತ್ತದೆ. ಗಾಜ್ ಒತ್ತಿ ಹಿಡಿಯುವುದು, ಅಡ್ರಿನಲಿನ್‌ನಲ್ಲಿ ನೆನೆಸಿದ ಗಾಜನ್ನು ಟ್ಯೂಬಿನ ಸುತ್ತ ತುಂಬುವುದು, ರಕ್ತ ಹೆಪ್ಪುಗಟ್ಟಿಸುವ ಪಟ್ಟಿ ಇಡುವುದು, ಒಂದೆರಡು ಹೊಲಿಗೆ ಹಾಕುವುದು, ಇಷ್ಟಕ್ಕೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಓ.ಟಿ.ಗೆ ಒಯ್ದು, ಬೆಳಕಿನಲ್ಲಿ ಗಾಯ ಬಿಡಿಸಿ, ಆ ನಾಳವನ್ನು ಹುಡುಕಿ ಕಟ್ಟಬೇಕು. ಹೆಪಾರಿನ್ ನಡೆಯುತ್ತಿದ್ದರೆ ನಿಲ್ಲಿಸಬೇಕೆ, ಪ್ಲೇಟ್‌ಲೆಟ್ ಎಷ್ಟಿದೆ, ಡಯಾಲಿಸಿಸ್ ಆಗುತ್ತಿದೆಯೆ ಎಂದು ಕೂಡಲೇ ನೋಡಬೇಕು. ಕೋವಿಡ್ ಕಾಲದಲ್ಲಿ ಈ ಪಾಠ ಎಲ್ಲೆಡೆ ಮತ್ತೆ ಕಲಿಯಬೇಕಾಯಿತು. ರಕ್ತ ಹೆಪ್ಪುಗಟ್ಟದಂತೆ ಔಷಧಿ ಪಡೆಯುತ್ತಿದ್ದವರಿಗೇ ಟ್ರೆಕಿಯಾಸ್ಟಮಿ ಮಾಡಬೇಕಾಗಿ ಬಂದ ಪ್ರಸಂಗಗಳು ಆಗ ಹೆಚ್ಚು. ಚುಚ್ಚುವ ಮೊದಲು ಅಲ್ಟ್ರಾಸೌಂಡ್‌ನಲ್ಲಿ ಕುತ್ತಿಗೆಯನ್ನು ನೋಡಿಕೊಂಡರೆ ದಾರಿಯಲ್ಲಿ ಅಡ್ಡ ಬಂದಿರುವ ನಾಳ ಮೊದಲೇ ಕಾಣುತ್ತದೆ. ಯಂತ್ರ ಪಕ್ಕದಲ್ಲೇ ನಿಂತಿದ್ದರೂ ಅದನ್ನು ಬಳಸದೆ ಚುಚ್ಚುವವರು ಯಾಕೆ ಚುಚ್ಚುತ್ತಾರೋ ಅರ್ಥವಾಗುವುದಿಲ್ಲ.

ಮೂರನೆಯ ದಿನದಿಂದ ಲೆಕ್ಕ ಬೇರೆ.

ಹೃದಯದಿಂದ ಹೊರಟ ಮಹಾಪಧಮನಿ ಎದೆಯ ಮೇಲ್ಭಾಗದಲ್ಲಿ ಕಮಾನಿನಂತೆ ತಿರುಗುವಾಗ ಮೊದಲು ಕವಲೊಡೆಯುವುದು ಇನ್ನಾಮಿನೇಟ್ ಅಪಧಮನಿ. ಸುಮಾರು ಒಂದು ಸೆಂ.ಮೀ. ಅಗಲದ ಈ ನಾಳ ಎದೆಮೂಳೆಯ ಹಿಂದೆ, ಶ್ವಾಸನಾಳದ ಮುಂದೆ, ಎಡದಿಂದ ಬಲಕ್ಕೆ ಓರೆಯಾಗಿ ಏರುತ್ತದೆ. ಬಲಗೈಗೆ ಮತ್ತು ಮೆದುಳಿನ ಬಲಭಾಗಕ್ಕೆ ಹೋಗುವ ರಕ್ತ ಬಹುಪಾಲು ಇದರದೇ. ಶ್ವಾಸನಾಳದ ಉಂಗುರಗಳನ್ನು ಮೇಲಿನಿಂದ ಎಣಿಸಿದರೆ ಅದು ದಾಟುವುದು ಸಾಮಾನ್ಯವಾಗಿ ಒಂಬತ್ತನೆಯ ಉಂಗುರದ ಸುಮಾರಿಗೆ, ಕೆಲವರಲ್ಲಿ ಆರನೆಯದರ ಬಳಿಯೇ. ಟ್ಯೂಬ್ ಇಡುವ ಜಾಗ ಎರಡು, ಮೂರನೆಯ ಉಂಗುರಗಳ ನಡುವೆ. ನಾಲ್ಕನೆಯದಕ್ಕಿಂತ ಕೆಳಗೆ ಇಟ್ಟರೆ ಟ್ಯೂಬಿನ ಬಾಗು ಅಪಧಮನಿಯ ಮೇಲೇ ಕೂರುತ್ತದೆ. ಶಸ್ತ್ರಕ್ರಿಯೆಗಾಗಿ ಕುತ್ತಿಗೆಯನ್ನು ಅತಿಯಾಗಿ ಹಿಂದಕ್ಕೆ ಬಾಗಿಸಿದಾಗ ಶ್ವಾಸನಾಳ ಎದೆಯಿಂದ ಮೇಲಕ್ಕೆ ಎಳೆದುಕೊಂಡು ಬರುತ್ತದೆ. ಆಗ ಮೂರನೆಯ ಉಂಗುರವೆಂದು ಕತ್ತರಿಸಿದ ಜಾಗ, ತಲೆ ನೇರವಾದ ಮೇಲೆ ಎದೆಮೂಳೆಯ ಹಿಂದಕ್ಕೆ ಇಳಿದು ಕೂತಿರುತ್ತದೆ.

ನಾಳ ಸವೆಯುವುದು ಮೂರು ಕಡೆ: ರಂಧ್ರದ ಕೆಳಅಂಚಿನಲ್ಲಿ ಟ್ಯೂಬ್ ಒತ್ತುವಲ್ಲಿ, ಗಾಳಿ ಸೋರದಂತೆ ಟ್ಯೂಬಿನ ಸುತ್ತ ಒಳಗೆ ಉಬ್ಬಿಸುವ ಬಲೂನು ಗೋಡೆಗೆ ಆನುವಲ್ಲಿ, ಮತ್ತು ಟ್ಯೂಬಿನ ತುದಿ ಮುಂದಿನ ಗೋಡೆಗೆ ಕುಟ್ಟುವಲ್ಲಿ. ಒತ್ತಡಕ್ಕೆ ಮೊದಲು ಒಳಪದರಕ್ಕೆ ರಕ್ತ ನಿಲ್ಲುತ್ತದೆ, ಆಮೇಲೆ ಹುಣ್ಣಾಗುತ್ತದೆ, ಸೋಂಕು ಸೇರುತ್ತದೆ, ಉಂಗುರ ಕೊಳೆಯುತ್ತದೆ, ಕೊನೆಗೆ ಅಪಧಮನಿಯ ಗೋಡೆ. ಟ್ರೆಕಿಯಾಸ್ಟಮಿ ಆದವರಲ್ಲಿ ಹೀಗಾಗುವುದು ನೂರಕ್ಕೆ 0.1ರಿಂದ 1ರಷ್ಟು ಎಂದು ಪಠ್ಯಗಳು ಹೇಳುತ್ತವೆ. ಬಹುಪಾಲು ಮೊದಲ ಮೂರು ನಾಲ್ಕು ವಾರಗಳಲ್ಲಿ, ಅದರಲ್ಲೂ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಹೆಚ್ಚು. ತಿಂಗಳುಗಳ, ವರ್ಷಗಳ ನಂತರ ಆದದ್ದೂ ಉಂಟು.

ಬಲೂನಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕೈಯಲ್ಲಿರುವುದು ಮುಖ್ಯವಾಗಿ ಅದೇ. 1984ರಲ್ಲಿ ಸೀಗೋಬಿನ್ ಮತ್ತು ವಾನ್ ಹ್ಯಾಸೆಲ್ಟ್ ಶ್ವಾಸನಾಳದೊಳಗೆ ಎಂಡೋಸ್ಕೋಪ್ ಇಳಿಸಿ, ಬಲೂನಿನ ಒತ್ತಡ ಏರಿಸುತ್ತಾ ಒಳಪದರದ ಬಣ್ಣ ಹೇಗೆ ಬದಲಾಗುತ್ತದೆಂದು ಚಿತ್ರ ತೆಗೆದರು. 30 ಸೆಂ.ಮೀ. ನೀರಿನ ಒತ್ತಡ ದಾಟುತ್ತಿದ್ದಂತೆ ಪದರ ಬಿಳಿಚತೊಡಗಿತು, 50ರ ಹೊತ್ತಿಗೆ ರಕ್ತ ಓಡಾಟ ನಿಂತೇ ಹೋಯಿತು. 20ರಿಂದ 30 ಸೆಂ.ಮೀ. ನಡುವೆ ಇಡಿ ಎಂಬ ಇಂದಿನ ನಿಯಮಕ್ಕೆ ಇಂಥ ಕೆಲಸವೇ ಆಧಾರ. ಇದನ್ನು ಅಳೆಯಲು ಅಂಗೈಯಲ್ಲಿ ಹಿಡಿಯುವ ಒಂದು ಗೇಜ್ ಇದೆ: ಗುಂಡನೆಯ ಮುಖ, ಹಸಿರು ಪಟ್ಟಿ, ಅದುಮಲು ಒಂದು ರಬ್ಬರ್ ಬುಗ್ಗೆ. ಟ್ಯೂಬಿನಿಂದ ನೇತಾಡುವ ಪುಟ್ಟ ಪೈಲಟ್ ಬಲೂನಿಗೆ ಸಿಕ್ಕಿಸಿದರೆ ಅರ್ಧ ನಿಮಿಷದ ಕೆಲಸ. ಪಾಳಿಗೊಮ್ಮೆ ಅಳೆದು ಚಾರ್ಟಿನಲ್ಲಿ ಬರೆಯಬೇಕು. ಎಷ್ಟೋ ಕಡೆ ನಡೆಯುವುದು ಬೇರೆ. ಸಿರಿಂಜಿನಲ್ಲಿ ಗಾಳಿ ತುಂಬಿ, ಪೈಲಟ್ ಬಲೂನನ್ನು ಎರಡು ಬೆರಳಲ್ಲಿ ಹಿಚುಕಿ "ಸರಿ ಇದೆ" ಎನ್ನುತ್ತಾರೆ. ಹಣೆ ಮುಟ್ಟಿ ಜ್ವರ 101 ಇದೆಯೋ 103 ಇದೆಯೋ ಹೇಳಿದ ಹಾಗೆ ಇದು. ಗಾಳಿ ಸೋರುತ್ತಿದೆಯೆಂದು ರಾತ್ರಿ ಪಾಳಿಯವರು ಇನ್ನೆರಡು ಮಿ.ಲೀ. ತುಂಬುತ್ತಾರೆ, ಬೆಳಗಿನವರಿಗೆ ಅದು ಗೊತ್ತಿರುವುದಿಲ್ಲ. ಇದರ ಜೊತೆಗೆ ವೆಂಟಿಲೇಟರಿನ ಕೊಳವೆಗಳ ಭಾರ. ರೋಗಿಯನ್ನು ಮಗ್ಗುಲು ಬದಲಿಸುವಾಗಲೆಲ್ಲ ಅವು ಟ್ಯೂಬನ್ನು ಜಗ್ಗುತ್ತವೆ, ತುದಿ ಒಳಗೆ ಮುಂದಿನ ಗೋಡೆಗೆ ತಿವಿಯುತ್ತದೆ. ಕೊಳವೆಗೆ ಆಧಾರ ಕೊಟ್ಟು ಟ್ಯೂಬ್ ನೆಟ್ಟಗಿರುವಂತೆ ನೋಡಿಕೊಳ್ಳುವ ನರ್ಸ್ ಎಷ್ಟು ಅಪಧಮನಿಗಳನ್ನು ಉಳಿಸಿದ್ದಾರೋ ಯಾವ ಪ್ರಬಂಧವೂ ಲೆಕ್ಕ ಹಾಕಿಲ್ಲ.

ಇನ್ನು ಮುನ್ಸೂಚನೆಯ ರಕ್ತ. ದೊಡ್ಡ ಸ್ರಾವಕ್ಕೆ ತುತ್ತಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಕೆಲವು ಗಂಟೆ ಅಥವಾ ಒಂದೆರಡು ದಿನ ಮೊದಲು, ಸಣ್ಣ ಪ್ರಮಾಣದ ಕೆಂಪು ರಕ್ತ ಬಂದು ತಾನಾಗಿ ನಿಂತಿರುತ್ತದೆ. ಅಪಧಮನಿಯ ತೂತಿಗೆ ಹೆಪ್ಪುಗಟ್ಟಿದ ರಕ್ತ ಅಡ್ಡ ಕೂತಿರುವ ಸ್ಥಿತಿ ಅದು. 48 ಗಂಟೆಗಳ ನಂತರ 10 ಮಿ.ಲೀ.ಗಿಂತ ಹೆಚ್ಚು ರಕ್ತ ಬಂದರೆ ಅಪಧಮನಿಯನ್ನೇ ಶಂಕಿಸಬೇಕು ಎಂಬ ಹಳೆಯ ಸೂತ್ರವೊಂದಿದೆ. ಮೂರು ದಿನದಿಂದ ಆರು ವಾರಗಳ ನಡುವಿನ ರಕ್ತವೆಲ್ಲ ಬೇರೆ ಕಾರಣ ಸಿಗುವವರೆಗೂ ಇನ್ನಾಮಿನೇಟ್‌ನದೇ ಎಂಬುದು ಇನ್ನೊಂದು. ಜೊತೆಗೆ ಟ್ಯೂಬ್ ನಾಡಿಯ ಲಯಕ್ಕೆ ಕುಣಿಯುತ್ತಿದ್ದರೆ ಅಪಧಮನಿಗೆ ಆನಿದೆ ಎಂದರ್ಥ. ಕುಣಿತ ಇಲ್ಲದಿದ್ದರೆ ನಿಶ್ಚಿಂತೆ ಎಂದೇನೂ ಅಲ್ಲ.

ಈ ಅವಧಿಯಲ್ಲಿ ಬರುವ ರಕ್ತದಲ್ಲಿ ಹೆಚ್ಚಿನದು ಅಪಧಮನಿಯದಲ್ಲ ಎಂಬುದೂ ಅಷ್ಟೇ ನಿಜ. ತೊಡಕೆಲ್ಲ ಇಲ್ಲಿದೆ. ಕಫ ಹೀರುವ ಸಕ್ಷನ್ ಕ್ಯಾಥೆಟರನ್ನು ತಡೆ ಸಿಗುವವರೆಗೂ ತಳ್ಳಿ ಜೋರಾಗಿ ಎಳೆದರೆ ಒಳಪದರ ಕಿತ್ತು ಬರುತ್ತದೆ. ತೇವವಿಲ್ಲದ ಗಾಳಿಗೆ ಪದರ ಒಣಗಿ ಬಿರಿಯುತ್ತದೆ. ರಂಧ್ರದ ಸುತ್ತ ಬೆಳೆದ ಕೆಂಪು ಮಾಂಸಾಂಕುರ ಮುಟ್ಟಿದರೆ ರಕ್ತ ಬರುತ್ತದೆ. ನ್ಯುಮೋನಿಯಾದಲ್ಲಿ ಕಫದೊಂದಿಗೆ ಬರುತ್ತದೆ. ಇವೆಲ್ಲಕ್ಕೂ ಚಿಕಿತ್ಸೆ ಸುಲಭ: ಕ್ಯಾಥೆಟರಿನ ಉದ್ದ ಅಳೆದು ಹಾಕುವುದು, ಸಕ್ಷನ್ ಒತ್ತಡವನ್ನು ಪಾದರಸದ 80ರಿಂದ 120 ಮಿ.ಮೀ.ಗೆ ಇಳಿಸುವುದು, ಗಾಳಿಗೆ ತೇವ ಕೊಡುವುದು, ಮಾಂಸಾಂಕುರಕ್ಕೆ ಸಿಲ್ವರ್ ನೈಟ್ರೇಟ್ ತಾಗಿಸುವುದು. ಆದರೆ ಹಾಸಿಗೆಯ ಪಕ್ಕ ನಿಂತು ರಕ್ತದ ಬಣ್ಣ ನೋಡಿ ಇದು ಸಕ್ಷನ್ ಗಾಯ, ಅದು ಅಪಧಮನಿ ಎಂದು ಹೇಳಲು ಯಾರಿಂದಲೂ ಆಗದು. ಇಂಥ ಹೊತ್ತಿನಲ್ಲಿ "ಸಕ್ಷನ್ ಗಾಯ ಇರಬಹುದು" ಎಂಬುದು ತುಂಬ ಅನುಕೂಲದ ಉತ್ತರ. ಅದನ್ನು ಕೇಸ್ ಶೀಟಿನಲ್ಲಿ ಬರೆದ ಮೇಲೆ ಮತ್ಯಾರೂ ನೋಡುವುದಿಲ್ಲ.

ಹಾಗಾದರೆ ಪತ್ತೆ ಹೇಗೆ? ವೈದ್ಯರು ಎರಡು ಪಕ್ಷವಾಗುವುದು ಇಲ್ಲಿ. ರಕ್ತ ನಿಂತಿದ್ದು ರೋಗಿ ಸ್ಥಿರವಾಗಿದ್ದರೆ ಸಿ.ಟಿ. ಆಂಜಿಯೋಗ್ರಾಮ್ ಮಾಡಿಸಿ, ಅಪಧಮನಿ ಎಲ್ಲಿದೆ, ಟ್ಯೂಬ್ ಅದಕ್ಕೆ ತಾಗಿದೆಯೆ, ಗೋಡೆ ಉಬ್ಬಿದೆಯೆ ನೋಡಿ ಎಂಬುದು ಒಂದು ಪಕ್ಷ. ತೂತು ನೇರವಾಗಿ ಕಾಣುವುದು ಅಪರೂಪ, ಸಿ.ಟಿ. ಚೆನ್ನಾಗಿದೆ ಎಂದು ಮನೆಯವರಿಗೂ ತಂಡಕ್ಕೂ ಹುಸಿ ಧೈರ್ಯ ಬರುತ್ತದೆ, ಸ್ಕ್ಯಾನ್ ಕೋಣೆಯಲ್ಲೇ ಒಡೆದರೆ ಗತಿಯೇನು ಎಂಬುದು ಇನ್ನೊಂದು. ಓ.ಟಿ.ಯಲ್ಲಿ ಎದೆಶಸ್ತ್ರಚಿಕಿತ್ಸಕರನ್ನು ಪಕ್ಕದಲ್ಲಿಟ್ಟುಕೊಂಡು ಬ್ರಾಂಕೋಸ್ಕೋಪ್ ಹಾಕಿ, ಟ್ಯೂಬನ್ನು ನಿಧಾನವಾಗಿ ಹಿಂದಕ್ಕೆ ಸರಿಸುತ್ತಾ ನೋಡುವುದು ಇವರ ದಾರಿ. ಎರಡಕ್ಕೂ ಅನುಕೂಲವಿರುವ ಆಸ್ಪತ್ರೆಯಲ್ಲಿ ನಾನು ಎರಡನೆಯದರ ಕಡೆ ವಾಲುತ್ತೇನೆ. ಅನುಕೂಲವಿಲ್ಲದ ಕಡೆ ಸಿ.ಟಿ.ಯಾದರೂ ಆಗಲಿ, ಜೊತೆಗೆ ಒಬ್ಬ ಅರಿವಳಿಕೆ ತಜ್ಞರು ಹೋಗಲಿ. ಒಂದರಲ್ಲಿ ಮಾತ್ರ ಎರಡೂ ಪಕ್ಷಕ್ಕೆ ಒಮ್ಮತವಿದೆ: ವಾರ್ಡಿನ ಹಾಸಿಗೆಯ ಮೇಲೆ "ಒಳಗೆ ಏನಾಗಿದೆ ನೋಡೋಣ" ಎಂದು ಟ್ಯೂಬ್ ಎಳೆಯಬಾರದು. ಆ ಹೆಪ್ಪನ್ನು ಹಿಡಿದು ಕೂರಿಸಿರುವುದು ಆ ಟ್ಯೂಬೇ ಆಗಿರಬಹುದು.

ಚಿಮ್ಮಿಬಿಟ್ಟರೆ ಸಿಗುವುದು ನಿಮಿಷಗಳು. ರಕ್ತ ಸೋರಿ ಸಾಯುವ ಮೊದಲೇ ರಕ್ತ ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಮೊದಲ ಕೆಲಸ ಬಲೂನನ್ನು ಅತಿಯಾಗಿ ಉಬ್ಬಿಸುವುದು, ನಿಧಾನವಾಗಿ, 50 ಮಿ.ಲೀ.ವರೆಗೂ. ಉಳಿದೆಲ್ಲ ದಿನ ಯಾವುದು ಅಪಾಯವೋ ಈ ಹೊತ್ತಿಗೆ ಅದೇ ಚಿಕಿತ್ಸೆ. ವರದಿಯಾದ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 85ರಲ್ಲಿ ಇದರಿಂದ ತಾತ್ಕಾಲಿಕವಾಗಿ ರಕ್ತ ನಿಂತಿದೆ ಎನ್ನುತ್ತಾರೆ. ಸತ್ತವರ ವರದಿ ಯಾರೂ ಅಷ್ಟಾಗಿ ಬರೆಯುವುದಿಲ್ಲವಾದ್ದರಿಂದ ಆ ಅಂಕಿಯನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಅದೇ ವೇಳೆಗೆ ನೂರು ಭಾಗ ಆಮ್ಲಜನಕ, ಎರಡು ದಪ್ಪ ಕ್ಯಾನ್ಯುಲಾ, ರಕ್ತನಿಧಿಗೆ ಫೋನು, ಟ್ರಾನೆಕ್ಸಾಮಿಕ್ ಆಮ್ಲ, ಎದೆಶಸ್ತ್ರಚಿಕಿತ್ಸಕರಿಗೆ ಕರೆ.

ಅದರಿಂದ ನಿಲ್ಲದಿದ್ದರೆ ಬೆರಳು. ಅಮೆರಿಕದ ಅಟ್ಲಿ ಮತ್ತು ಸಂಗಡಿಗರು 1972ರಲ್ಲಿ ವಿವರಿಸಿದ ವಿಧಾನ ಇದು, ಅವರ ಹೆಸರಿನಲ್ಲೇ ನಿಂತಿದೆ. ಒಬ್ಬರು ಬಾಯಿಯ ಮೂಲಕ ಎಂಡೋಟ್ರೇಕಿಯಲ್ ಟ್ಯೂಬ್ ಇಳಿಸುತ್ತಾರೆ. ಅದರ ಬಲೂನು ರಕ್ತ ಬರುವ ಜಾಗಕ್ಕಿಂತ ಕೆಳಗೆ ಕೂತು ಶ್ವಾಸಕೋಶವನ್ನು ಕಾಯಬೇಕು. ಅದು ಇಳಿಯುತ್ತಿದ್ದಂತೆ ಕುತ್ತಿಗೆಯ ಟ್ಯೂಬನ್ನು ತೆಗೆಯುತ್ತಾರೆ. ಇನ್ನೊಬ್ಬರು ರಂಧ್ರದ ಮೂಲಕ ತೋರುಬೆರಳನ್ನು ಕೆಳಮುಖವಾಗಿ, ಶ್ವಾಸನಾಳದ ಮುಂದೆ, ಎದೆಮೂಳೆಯ ಹಿಂದೆ ತೂರಿಸುತ್ತಾರೆ. ಅಂಗಾಂಶ ಮೆತ್ತಗೆ ಬಿಡಿಸಿಕೊಂಡು ದಾರಿ ಕೊಡುತ್ತದೆ. ಬೆರಳಿಗೆ ಮಿಡಿತ ಸಿಕ್ಕ ಕೂಡಲೇ ಕೊಕ್ಕೆಯಾಗಿ ಬಾಗಿಸಿ, ಅಪಧಮನಿಯನ್ನು ತಮ್ಮತ್ತ, ಎದೆಮೂಳೆಯ ಹಿಂಬದಿಗೆ ಒತ್ತಿ ಹಿಡಿಯುತ್ತಾರೆ. ಹಿಂದಕ್ಕೆ, ಬೆನ್ನಿನ ಕಡೆ ಒತ್ತಿದರೆ ಪ್ರಯೋಜನವಿಲ್ಲ, ಅಲ್ಲಿ ಮೆತ್ತಗಿನ ಶ್ವಾಸನಾಳ ಮಾತ್ರ ಇದೆ. ಆ ಬೆರಳು ಮತ್ತೆ ಹೊರಗೆ ಬರುವುದು ಶಸ್ತ್ರಚಿಕಿತ್ಸಕರು ಎದೆ ತೆರೆದು ನಾಳಕ್ಕೆ ಕ್ಲಾಂಪ್ ಹಾಕಿದ ಮೇಲೆಯೇ. ಅಲ್ಲಿಯವರೆಗೆ ಬೆರಳಿನವರು ಟ್ರಾಲಿಯ ಜೊತೆ ಓಡಬೇಕು, ಲಿಫ್ಟಿನಲ್ಲಿ ಬಾಗಿ ನಿಲ್ಲಬೇಕು, ಓ.ಟಿ.ಯಲ್ಲಿ ಅವರ ಕೈಯ ಸುತ್ತಲೇ ಕುತ್ತಿಗೆಯನ್ನು ಶುಚಿಗೊಳಿಸಿ ಹಸಿರು ಬಟ್ಟೆ ಹಾಸುತ್ತಾರೆ. ಇದಕ್ಕೆ ತಜ್ಞರೇ ಬೇಕೆಂದಿಲ್ಲ. ರಾತ್ರಿ ಪಾಳಿಯ ಪಿಜಿ ವಿದ್ಯಾರ್ಥಿ ಸಾಕು, ಆದರೆ ಅವರಿಗೆ ಇದನ್ನು ಯಾರಾದರೂ ಮೊದಲೇ ತೋರಿಸಿಕೊಟ್ಟಿರಬೇಕು. ಮಾನಿಕಿನ್ ಮೇಲೆ ಎದೆ ಒತ್ತುವುದನ್ನು ವರ್ಷವರ್ಷವೂ ಕಲಿಸುವ ಆಸ್ಪತ್ರೆಗಳು ಇದಕ್ಕೆ ಅರ್ಧ ಗಂಟೆ ಕೊಟ್ಟರೆ ಧಾರಾಳವಾಯಿತು.

ಓ.ಟಿ.ಯೊಳಗಿನ ಚರ್ಚೆ ಈಗ ಎದೆ ತೆರೆಯುವುದೋ ಸ್ಟೆಂಟ್ ಹಾಕುವುದೋ ಎಂಬುದು. ಹಳೆಯ ದಾರಿಯಲ್ಲಿ ಎದೆಮೂಳೆಯನ್ನು ಸೀಳಿ, ಅಪಧಮನಿಯ ಕೊಳೆತ ತುಂಡನ್ನು ತೆಗೆದು, ಎರಡೂ ತುದಿಗಳನ್ನು ಆರೋಗ್ಯವಂತ ಭಾಗದಲ್ಲಿ ಹೊಲಿದು ಮುಚ್ಚಿ, ನಡುವೆ ಮಾಂಸಖಂಡವನ್ನೋ ಥೈಮಸ್ಸನ್ನೋ ಹೊದಿಸುತ್ತಾರೆ. ಸೋಂಕಿನ ಜಾಗದಲ್ಲಿ ಕೃತಕ ನಾಳ ಹೊಲಿದರೆ ಅದು ಮತ್ತೆ ಒಡೆಯುತ್ತದೆ ಎಂಬುದು ಕಷ್ಟಪಟ್ಟು ಕಲಿತ ಪಾಠ. ಇಂಥ ನಾಳ ಕಟ್ಟಿದರೆ ಮೆದುಳಿನ ಗತಿ ಏನು ಎಂಬ ಹೆದರಿಕೆ ಸಹಜ. ಬಲಗೈ ಮತ್ತು ಬಲ ಕತ್ತಿನ ನಾಳಗಳ ಜೋಡಣೆಯನ್ನು ಕೆಡಿಸದೆ ಉಳಿಸಿದರೆ, ಎಡಭಾಗದಿಂದ ಮೆದುಳಿನ ಬುಡದ ಉಂಗುರದ ಮೂಲಕ ರಕ್ತ ಸುತ್ತಿ ಬರುತ್ತದೆ. ಕಟ್ಟಿದ ಮೇಲೆ ಪಾರ್ಶ್ವವಾಯು ಬಂದವರು ಕೆಲವರೇ. ಹೊಸ ದಾರಿಯಲ್ಲಿ ರಕ್ತನಾಳದೊಳಗಿನಿಂದಲೇ ಹೊದಿಕೆಯುಳ್ಳ ಸ್ಟೆಂಟ್ ಕೂರಿಸುತ್ತಾರೆ. ಬೇಗ ಆಗುತ್ತದೆ, ಎದೆ ತೆರೆಯಲಾಗದ ರೋಗಿಗೂ ಆಗುತ್ತದೆ. ಆದರೆ ಅದೂ ಸೋಂಕಿನ ಜಾಗದಲ್ಲಿ ಕೂತ ಪರವಸ್ತುವೇ. ವಾರಗಳ, ತಿಂಗಳುಗಳ ನಂತರ ಮತ್ತೆ ರಕ್ತ ಬಂದ ವರದಿಗಳಿವೆ. ಇದೆಲ್ಲ ಬಿಡಿ ಬಿಡಿ ಪ್ರಕರಣಗಳ ಸಾಕ್ಷ್ಯ, ಇವನ್ನು ಎದುರುಬದುರು ಇಟ್ಟು ಪರೀಕ್ಷಿಸಲು ರೋಗಿಗಳು ಅಷ್ಟು ಹೊತ್ತು ಉಳಿಯುವುದಿಲ್ಲ. ಸ್ಟೆಂಟನ್ನು ಮೊದಲ ಹೊಡೆತ ತಡೆಯುವ ಸೇತುವೆಯೆಂದು ಕಂಡು, ರೋಗಿ ಚೇತರಿಸಿಕೊಂಡ ಮೇಲೆ ಶಾಶ್ವತ ದುರಸ್ತಿಯ ಯೋಚನೆ ಮಾಡುವವರ ವಾದ ನನಗೆ ಸರಿಯೆನಿಸುತ್ತದೆ. ಏನೂ ಮಾಡದೆ ಬಿಟ್ಟವರಲ್ಲಿ ಉಳಿದವರು ಇಲ್ಲವೆಂದೇ ಹೇಳಬೇಕು.

ಬೆನ್ನುಮೂಳೆ ತಿರುಚಿಕೊಂಡ, ನರದೌರ್ಬಲ್ಯದ ಮಕ್ಕಳದು ಪ್ರತ್ಯೇಕ ಪ್ರಶ್ನೆ. ಅವರ ಎದೆ ಚಪ್ಪಟೆ, ಅಪಧಮನಿಗೆ ಜಾಗವೇ ಇಲ್ಲ. ಅಂಥ ಮಕ್ಕಳಲ್ಲಿ ರಕ್ತಸ್ರಾವ ಆಗುವ ಮೊದಲೇ ಇನ್ನಾಮಿನೇಟ್ ಅಪಧಮನಿಯನ್ನು ಕತ್ತರಿಸಿ ಮುಚ್ಚುವ ರೂಢಿ ಜಪಾನಿನ ಕೆಲವು ಕೇಂದ್ರಗಳಲ್ಲಿದೆ. ಬೇರೆಡೆಯ ಶಸ್ತ್ರಚಿಕಿತ್ಸಕರು ಹುಬ್ಬೇರಿಸುತ್ತಾರೆ, ಅದರ ತರ್ಕವನ್ನು ತಳ್ಳಿಹಾಕಲು ಮಾತ್ರ ಸುಲಭವಾಗಿ ಆಗುವುದಿಲ್ಲ.

ಕರ್ನಾಟಕದಲ್ಲಿ ಎದೆ ತೆರೆಯುವ ಸೌಕರ್ಯ ಕೆಲವೇ ನಗರಗಳಲ್ಲಿ ಕೂಡಿಕೊಂಡಿದೆ. ವೆಂಟಿಲೇಟರ್‌ಗಳು ತಾಲ್ಲೂಕಿನವರೆಗೂ ಹೋಗಿವೆ, ಅವುಗಳ ಹಿಂದೆಯೇ ಟ್ರೆಕಿಯಾಸ್ಟಮಿಯೂ ಹೋಗಿದೆ. ಆ ಅಂತರವನ್ನು ಆಂಬುಲೆನ್ಸ್ ತುಂಬಲಾರದು, ಚಿಮ್ಮಿದ ಮೇಲಂತೂ ಆಗದು. ಹಾಗಾಗಿ ಸಣ್ಣ ಆಸ್ಪತ್ರೆಗೆ ಇರುವ ದಾರಿ ಒಂದೇ: ಹತ್ತನೆಯ ದಿನ ಎರಡು ಚಮಚ ಕೆಂಪು ರಕ್ತ ಬಂದು ನಿಂತ ರೋಗಿಯನ್ನು, ನಿಂತಿದೆಯೆಂಬ ಕಾರಣಕ್ಕೇ, ಬಲೂನಿನ ಒತ್ತಡ ಅಳೆದು, ಬಾಯಿಯಿಂದ ಟ್ಯೂಬ್ ಇಳಿಸಬಲ್ಲ ಒಬ್ಬರನ್ನು ಜೊತೆ ಕೊಟ್ಟು, ಅಂದೇ ದೊಡ್ಡ ಕೇಂದ್ರಕ್ಕೆ ಕಳಿಸುವುದು. ಹತ್ತರಲ್ಲಿ ಹಲವು ಬಾರಿ ಅದು ಬರೀ ಸಕ್ಷನ್ ಗಾಯವೆಂದು ತಿಳಿದು ಅಲ್ಲಿನವರು ಗೊಣಗುತ್ತಾರೆ. ಗೊಣಗಲಿ.

ಎಲ್ಲರನ್ನೂ ಓ.ಟಿ.ಗೆ ಒಯ್ಯಲಾಗುವುದೂ ಇಲ್ಲ. ಬಾಯಿ, ಗಂಟಲ ಕ್ಯಾನ್ಸರ್ ಮರುಕಳಿಸಿ, ವಿಕಿರಣಕ್ಕೆ ಸುಟ್ಟ ಕುತ್ತಿಗೆಯಲ್ಲಿ ಕೆರಾಟಿಡ್ ನಾಳ ಒಡೆಯುವ ಹಂತಕ್ಕೆ ಬಂದವರಿದ್ದಾರೆ. ಹೊಗೆಸೊಪ್ಪು, ಗುಟ್ಕಾ ಬಳಕೆಯ ನಮ್ಮಲ್ಲಿ ಇಂಥವರು ಕಡಿಮೆಯಿಲ್ಲ. ಅವರಿಗೆ ಬೇಕಾದದ್ದು ಮೊದಲೇ ಆದ ಮಾತುಕತೆ: ಒಡೆದರೆ ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಮನೆಯಲ್ಲೋ ಆಸ್ಪತ್ರೆಯಲ್ಲೋ. ಉಪಶಾಮಕ ಆರೈಕೆಯ ತಂಡಗಳು ಗಾಢ ಬಣ್ಣದ ಟವೆಲ್‌ಗಳನ್ನು ಹಾಸಿಗೆಯ ಬಳಿ ಇಡಿಸುತ್ತವೆ, ರಕ್ತದ ಕೆಂಪು ಕಣ್ಣಿಗೆ ರಾಚದಿರಲೆಂದು. ಮಿಡಜೋಲಂ ಚುಚ್ಚುಮದ್ದು ಸಿದ್ಧವಿರುತ್ತದೆ. ಈ ಮಾತನ್ನು ಆಡಲು ಹಿಂಜರಿದು ಮನೆಯವರನ್ನು ಏನೂ ತಿಳಿಸದೆ ಮನೆಗೆ ಕಳಿಸುವುದು ಸೌಜನ್ಯವೆನಿಸಬಹುದು. ಅದರ ಬೆಲೆ ತೆರುವವರು ಮನೆಯವರು.

ಟ್ಯೂಬಿನೊಂದಿಗೇ ಮನೆಗೆ ಹೋಗುವವರ ವಿಷಯ ಉಳಿದಿದೆ. ನಮ್ಮಲ್ಲಿ ಅನೇಕರು ಲೋಹದ ಟ್ಯೂಬ್ ಹಾಕಿಸಿಕೊಂಡು ಹೋಗುತ್ತಾರೆ. ತೊಳೆಯಲು ಸುಲಭ, ಬಾಳಿಕೆ ಹೆಚ್ಚು. ಅದರಲ್ಲಿ ಬಲೂನು ಇಲ್ಲ, ಆದ್ದರಿಂದ ಉಬ್ಬಿಸಿ ರಕ್ತ ತಡೆಯುವ ಮೊದಲ ಉಪಾಯವೂ ಇಲ್ಲ. ತುರ್ತು ವಿಭಾಗದವರು ಬಲೂನು ಇರುವ ಟ್ಯೂಬಿಗೆ ಬದಲಿಸಬೇಕು ಅಥವಾ ಬಾಯಿಯಿಂದ ಇಳಿಸಬೇಕು. ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗಾದರೆ ಬಾಯಿಯಿಂದ ಶ್ವಾಸನಾಳಕ್ಕೆ ದಾರಿಯೇ ಇರುವುದಿಲ್ಲ, ಟ್ಯೂಬ್ ರಂಧ್ರದಿಂದಲೇ ಹೋಗಬೇಕು. ಬ್ರಿಟನ್ನಿನ 2012ರ ಟ್ರೆಕಿಯಾಸ್ಟಮಿ ಸುರಕ್ಷತಾ ಮಾರ್ಗಸೂಚಿಯಲ್ಲಿ ಇಬ್ಬರನ್ನೂ ಗುರುತಿಸಲು ತಲೆಯ ಬಳಿ ಹಸಿರು ಮತ್ತು ಕೆಂಪು ಫಲಕಗಳಿವೆ, ಬಾಯಿಯಿಂದ ದಾರಿಯಿರುವವರಿಗೆ ಹಸಿರು, ಇಲ್ಲದವರಿಗೆ ಕೆಂಪು. ಡಿಸ್ಚಾರ್ಜ್ ಚೀಟಿಯಲ್ಲಿ ಅದೇ ಒಂದು ಸಾಲನ್ನು ಕನ್ನಡದಲ್ಲಿ ಬರೆದರೆ ಸಾಕು: ಬಾಯಿಯಿಂದ ಉಸಿರಿನ ದಾರಿ ಇದೆ ಅಥವಾ ಇಲ್ಲ, ಟ್ಯೂಬಿನ ಅಳತೆ ಇಷ್ಟು, ಬಲೂನು ಇದೆ ಅಥವಾ ಇಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಹೊಸದಾಗಿ ಕೆಂಪು ರಕ್ತ ಕಂಡರೆ, ತಾನಾಗಿ ನಿಂತರೂ, ಟ್ಯೂಬ್ ತೆಗೆಯದೆ 108ಕ್ಕೆ ಕರೆ ಮಾಡಿ ಅದೇ ದಿನ ಆಸ್ಪತ್ರೆಗೆ ಬನ್ನಿ.